ನಿವೃತ್ತ ವಿಜ್ಞಾನಿಗಳ ಸಂಘವನ್ನು ಕಾರ್ಯತಂಡಗಳಾಗಿ ಪುನರ್‌ರಚಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಿವೃತ್ತ ವಿಜ್ಞಾನಿಗಳು ಸ್ವಯಂಸೇವೆಗೆಂದು ಕಟ್ಟಿಕೊಂಡ ಸಂಘ ಬೆಳೆಯುತ್ತಾ ಹೋದಂತೆ, ಎಲ್ಲರೂ ಒಂದೇ ಸಭೆಯಲ್ಲಿ ಕುಳಿತು ಎಲ್ಲವನ್ನೂ ತೀರ್ಮಾನಿಸುವ ಪದ್ಧತಿ ಒಂದು ಹಂತದಲ್ಲಿ ಸಾಲದಾಗುತ್ತದೆ. ಆಗ ಸಂಘವನ್ನು ಚಿಕ್ಕ ಕಾರ್ಯತಂಡಗಳಾಗಿ ಮರುಹೊಂದಿಸುವ ಮಾತು ಬರುತ್ತದೆ, ಅದರ ಜೊತೆಗೇ ಅನುಮಾನಗಳೂ ಬರುತ್ತವೆ. ಸಭೆಗಳಲ್ಲಿ, ಪತ್ರಗಳಲ್ಲಿ, ಸಭೆ ಮುಗಿದ ಮೇಲಿನ ಮಾತುಕತೆಗಳಲ್ಲಿ ಮತ್ತೆ ಮತ್ತೆ ಕೇಳಿಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಒಂದೊಂದು ಉತ್ತರವನ್ನೂ ಪ್ರತ್ಯೇಕವಾಗಿ ಓದಿಕೊಳ್ಳಬಹುದು.

## ಮೊದಲ ಪ್ರಶ್ನೆಗಳು

ಸಂಘ ಚೆನ್ನಾಗಿಯೇ ನಡೆಯುತ್ತಿದೆಯಲ್ಲ, ಈಗ ಅದನ್ನು ತುಂಡು ಮಾಡುವ ಅಗತ್ಯವೇನು?

ಚೆನ್ನಾಗಿ ನಡೆಯುತ್ತಿರುವುದು ಸಭೆಯೋ ಕೆಲಸವೋ ಎಂಬುದನ್ನು ಮೊದಲು ನೋಡಬೇಕು. ತಿಂಗಳ ಸಭೆಗೆ ಜನ ಸೇರುತ್ತಾರೆ, ಉಪನ್ಯಾಸ ನಡೆಯುತ್ತದೆ, ಚರ್ಚೆಯೂ ಆಗುತ್ತದೆ. ಆದರೆ ಕಳೆದ ವರ್ಷ ಒಪ್ಪಿಕೊಂಡ ಕೆಲಸಗಳಲ್ಲಿ ಎಷ್ಟು ಮುಗಿದವು, ಅವನ್ನು ಎಷ್ಟು ಜನ ಮಾಡಿದರು ಎಂದು ನಡಾವಳಿ ಪುಸ್ತಕ ತೆರೆದು ಎಣಿಸಿದರೆ ಅದದೇ ನಾಲ್ಕೈದು ಹೆಸರುಗಳು ಎಲ್ಲ ಕಡೆ ಕಾಣಿಸುತ್ತಿದ್ದರೆ, ಸಂಘದ ಬಹುಪಾಲು ಸಾಮರ್ಥ್ಯ ಸುಮ್ಮನೆ ಕುಳಿತಿದೆ ಎಂದೇ ಅರ್ಥ. ದಶಕಗಳ ಕಾಲ ಪ್ರಯೋಗಾಲಯಗಳಲ್ಲಿ, ಕ್ಷೇತ್ರಕಾರ್ಯದಲ್ಲಿ, ಬೋಧನೆಯಲ್ಲಿ ಪಳಗಿದವರು ಹಿಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿ ಹೋಗುವುದು ನಷ್ಟದ ಮಾತು. ಆ ನಷ್ಟವನ್ನು ಕಡಿಮೆ ಮಾಡುವುದೇ ಪುನರ್‌ರಚನೆಯ ಏಕೈಕ ಸಮರ್ಥನೆ ಎಂದು ನಾನು ನಂಬಿದ್ದೇನೆ.

ದೊಡ್ಡ ಗುಂಪಿನಲ್ಲಿ ಕೆಲಸ ನಿಧಾನವಾಗುವುದಕ್ಕೆ ಯಾರ ಸೋಮಾರಿತನವೂ ಮೂಲ ಕಾರಣವಲ್ಲ. 6 ಜನರ ನಡುವೆ ಇಬ್ಬಿಬ್ಬರ ಸಂಪರ್ಕಗಳು 15 ಮಾತ್ರ. 40 ಜನರ ನಡುವೆ ಅವು 780 ಆಗುತ್ತವೆ. ಇದರ ಜೊತೆಗೆ ಮನಸ್ಸಿನ ಒಂದು ಅಂಶವೂ ಇದೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ಹಗ್ಗ ಎಳೆಯುವ ಪ್ರಯೋಗಗಳನ್ನು ನಡೆಸಿ 1913ರಲ್ಲಿ ಪ್ರಕಟಿಸಿದ ಫಲಿತಾಂಶಗಳ ಪ್ರಕಾರ, 8 ಜನ ಒಟ್ಟಿಗೆ ಎಳೆದಾಗ ಒಬ್ಬೊಬ್ಬರ ಪಾಲಿನ ಬಲ ಅವರು ಒಂಟಿಯಾಗಿ ಎಳೆದಾಗಿನ ಬಲದ ಸುಮಾರು ಅರ್ಧಕ್ಕೆ ಇಳಿದಿತ್ತು. ಎಳೆತ ಒಂದೇ ಕ್ಷಣಕ್ಕೆ ಹೊಂದಿಕೆಯಾಗದಿರುವುದು ಇದಕ್ಕೆ ಒಂದು ಕಾರಣ. ಆದರೆ 1974ರಲ್ಲಿ ಅಲನ್ ಇಂಗಮ್ ಮತ್ತು ಸಂಗಡಿಗರು, ಜೊತೆಗೆ ಇತರರೂ ಎಳೆಯುತ್ತಿದ್ದಾರೆಂದು ನಂಬಿಸಿ ಒಬ್ಬರಿಂದಲೇ ಹಗ್ಗ ಎಳೆಸಿದಾಗಲೂ ಬಲ ಕುಗ್ಗಿತು. ತನ್ನ ಪಾಲು ಎದ್ದು ಕಾಣದ ಕಡೆ ಪ್ರಾಮಾಣಿಕರ ಶ್ರಮವೂ ತನಗರಿವಿಲ್ಲದೆ ಸಡಿಲಗೊಳ್ಳುತ್ತದೆ.

ನಮ್ಮಲ್ಲಿ ಈಗಾಗಲೇ ಉಪಸಮಿತಿಗಳಿವೆ. ಕಾರ್ಯತಂಡ ಎಂದರೆ ಅದಕ್ಕೇ ಇಟ್ಟ ಹೊಸ ಹೆಸರೇ?

ಹೆಸರು ಮಾತ್ರ ಬದಲಾದರೆ ಹಾಗೆಯೇ ಆಗುತ್ತದೆ. ಉಪಸಮಿತಿ ಸಾಮಾನ್ಯವಾಗಿ ಚರ್ಚಿಸಿ ಶಿಫಾರಸು ಮಾಡುತ್ತದೆ, ತೀರ್ಮಾನ ಕಾರ್ಯಕಾರಿ ಸಮಿತಿಯದು, ಅನುಷ್ಠಾನ ಯಾರದೆಂದು ಕೊನೆಯವರೆಗೂ ಸ್ಪಷ್ಟವಾಗುವುದಿಲ್ಲ. ಕಾರ್ಯತಂಡಕ್ಕೆ ನಿಶ್ಚಿತ ಕೆಲಸ, ಅದನ್ನು ಮುಗಿಸುವ ಗಡುವು, ಆ ಕೆಲಸದ ಮಿತಿಯೊಳಗೆ ಯಾರನ್ನೂ ಕೇಳದೆ ತೀರ್ಮಾನಿಸುವ ಅಧಿಕಾರ, ಕೆಲಸಕ್ಕೆ ಬೇಕಾದ ಹಣ ಇವಿಷ್ಟೂ ಇರಬೇಕು. ಅಧಿಕಾರ ಕೊಡಲು ಮನಸ್ಸಿಲ್ಲದ ಕಾರ್ಯಕಾರಿ ಸಮಿತಿ ಪುನರ್‌ರಚನೆಗೆ ಕೈಹಾಕದಿರುವುದೇ ಮೇಲು. ಅಧಿಕಾರವಿಲ್ಲದ ಹತ್ತು ತಂಡಗಳನ್ನು ಮಾಡಿದರೆ ಒಂದು ಸಭೆಯ ಬದಲಿಗೆ ಹನ್ನೊಂದು ಸಭೆಗಳಾಗುತ್ತವೆ, ಅಷ್ಟೇ.

ಒಂದು ತಂಡದಲ್ಲಿ ಎಷ್ಟು ಜನ ಇರಬೇಕು?

5ರಿಂದ 8. ಮನೋವಿಜ್ಞಾನಿಗಳಾದ ರಿಚರ್ಡ್ ಹ್ಯಾಕ್‌ಮನ್ ಮತ್ತು ನೀಲ್ ವಿಡ್ಮರ್ 2ರಿಂದ 7 ಜನರ ಗುಂಪುಗಳಿಗೆ ಕೆಲಸ ಕೊಟ್ಟು, ತಮ್ಮ ಗುಂಪು ತೀರ ಚಿಕ್ಕದಾಯಿತೆ ಅಥವಾ ತೀರ ದೊಡ್ಡದಾಯಿತೆ ಎಂದು ಸದಸ್ಯರನ್ನೇ ಕೇಳಿದ್ದರು. 1970ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎರಡೂ ದೂರುಗಳು ಸಮತೂಗಿದ ಸಂಖ್ಯೆ ಸುಮಾರು 4.6. ನಿವೃತ್ತರ ತಂಡಕ್ಕೆ ಅದಕ್ಕಿಂತ ಒಂದಿಬ್ಬರು ಹೆಚ್ಚಿಗೆ ಇರುವುದು ಒಳ್ಳೆಯದು, ಏಕೆಂದರೆ ಆಸ್ಪತ್ರೆಯ ಭೇಟಿ, ಮಕ್ಕಳ ಊರಿಗೆ ಹೋಗಿ ತಿಂಗಳುಗಟ್ಟಲೆ ಇರುವುದು, ಮೊಮ್ಮಕ್ಕಳ ಆರೈಕೆ ಇವೆಲ್ಲದರ ನಡುವೆ ಯಾವ ಸಮಯದಲ್ಲೂ ಒಬ್ಬಿಬ್ಬರು ಗೈರಾಗಿಯೇ ಇರುತ್ತಾರೆ. 10 ಜನ ದಾಟಿದ ತಂಡ ಕ್ರಮೇಣ ಎಲ್ಲರೂ ಕೇಳುವ, ಇಬ್ಬರು ಮಾತಾಡುವ ಹಳೆಯ ಸಭೆಯಾಗಿಬಿಡುತ್ತದೆ.

ಭೌತವಿಜ್ಞಾನಿಗಳದ್ದೊಂದು, ರಸಾಯನವಿಜ್ಞಾನಿಗಳದ್ದೊಂದು, ಜೀವವಿಜ್ಞಾನಿಗಳದ್ದೊಂದು ಎಂದು ವಿಷಯವಾರು ಮಾಡಿದರೆ ಸುಲಭವಲ್ಲವೇ?

ಸುಲಭವೇನೋ ಹೌದು. ಸದಸ್ಯರ ಪಟ್ಟಿ ಮುಂದಿಟ್ಟುಕೊಂಡು ಒಂದೇ ಸಂಜೆಯಲ್ಲಿ ಮಾಡಿ ಮುಗಿಸಬಹುದು. ಆದರೂ ಈ ದಾರಿ ಬೇಡವೆಂದು ಒತ್ತಿ ಹೇಳುತ್ತೇನೆ.

ಸಂಘದ ನೆರವು ಕೇಳಿ ಬರುವವರು ಶಾಸ್ತ್ರವನ್ನು ಹುಡುಕಿಕೊಂಡು ಬರುವುದಿಲ್ಲ, ಸಮಸ್ಯೆಯನ್ನು ಹೊತ್ತು ಬರುತ್ತಾರೆ. ಕೆರೆಯ ನೀರು ಏಕೆ ಹಸಿರಾಯಿತು ಎಂಬ ಪ್ರಶ್ನೆಗೆ ಪಾಚಿಯನ್ನು ಗುರುತಿಸುವವರು, ರಂಜಕ ಮತ್ತು ಸಾರಜನಕವನ್ನು ಅಳೆಯುವವರು, ಅಳತೆಗಳನ್ನು ಸಂಖ್ಯಾಶಾಸ್ತ್ರದಿಂದ ಪರಿಶೀಲಿಸುವವರು, ಫಲಿತಾಂಶವನ್ನು ಸಾಮಾನ್ಯರಿಗೆ ತಿಳಿಯುವಂತೆ ಬರೆಯುವವರು ಎಲ್ಲರೂ ಬೇಕು. ವಿಷಯವಾರು ತಂಡಗಳಲ್ಲಿ ಈ ಪ್ರಶ್ನೆ ಯಾರದೂ ಆಗುವುದಿಲ್ಲ. ಮೂರು ತಂಡಗಳ ನಡುವೆ ಪತ್ರಗಳು ಓಡಾಡುತ್ತವೆ. ಇನ್ನೊಂದು ಕಡೆ, ಒಂದೇ ವಿಷಯದ ಹಳೆಯ ಸಹೋದ್ಯೋಗಿಗಳು ಒಟ್ಟಿಗೆ ಕುಳಿತಾಗ ಕೆಲಸದ ಸ್ಥಳದ ಹಳೆಯ ಮೇಲುಕೀಳುಗಳೂ ಹಳೆಯ ಮನಸ್ತಾಪಗಳೂ ಅವರ ಜೊತೆಯಲ್ಲೇ ಬಂದು ಕೂರುತ್ತವೆ.

ವಿಜ್ಞಾನಿಗಳನ್ನು ಸ್ವಯಂಪ್ರೇರಿತ ದುಡಿಮೆಗೆ ಹಚ್ಚಿದ ಬಹುದೊಡ್ಡ ಪ್ರಯತ್ನಗಳಲ್ಲಿ ಒಂದಾದ, 1988ರಲ್ಲಿ ಸ್ಥಾಪನೆಯಾದ ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, ಈ ವಿಚಾರದಲ್ಲಿ ಒಳ್ಳೆಯ ಮಾದರಿ. ಅದರ ಲೇಖಕರಿಗೆ ಸಮಿತಿಯಿಂದ ಸಂಬಳವಿಲ್ಲ. ಅದು ಪವನಶಾಸ್ತ್ರಜ್ಞರು, ಸಾಗರವಿಜ್ಞಾನಿಗಳು, ಅರ್ಥಶಾಸ್ತ್ರಜ್ಞರು ಎಂದು ಜನರನ್ನು ವಿಂಗಡಿಸಲಿಲ್ಲ. ಹವಾಮಾನದಲ್ಲಿ ಭೌತಿಕವಾಗಿ ಏನಾಗುತ್ತಿದೆ, ಅದರಿಂದ ಯಾರಿಗೆ ಏನು ಪರಿಣಾಮ ಮತ್ತು ಹೊಂದಿಕೊಳ್ಳುವುದು ಹೇಗೆ, ಹೊರಸೂಸುವಿಕೆಯನ್ನು ತಗ್ಗಿಸುವುದು ಹೇಗೆ ಎಂಬ ಮೂರು ಪ್ರಶ್ನೆಗಳಿಗೆ ಮೂರು ಕಾರ್ಯತಂಡಗಳನ್ನು ಮಾಡಿಕೊಂಡಿದೆ. ಚಿಕ್ಕ ಸಂಘವೂ ಹೀಗೆಯೇ ಪ್ರಶ್ನೆಯಿಂದ ಹೊರಡಬೇಕು: ಜಲಮೂಲಗಳ ನಿಯತ ಪರೀಕ್ಷೆ, ಶಾಲಾ ಪ್ರಯೋಗಾಲಯಗಳಿಗೆ ಮರುಜೀವ, ವೈಜ್ಞಾನಿಕ ಬರಹಗಳ ಅನುವಾದ, ಹಳೆಯ ಉಪಕರಣಗಳ ದಾಖಲೀಕರಣ. ಇಂಥ ಹೆಸರುಳ್ಳ ತಂಡಕ್ಕೆ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಸಂಖ್ಯಾಶಾಸ್ತ್ರ, ಸಂಪಾದನೆ, ಕಂಪ್ಯೂಟರ್ ನೆರವು ಇಂಥವು ಎಲ್ಲ ತಂಡಗಳಿಗೂ ಬೇಕಾಗುವುದರಿಂದ ಅವಕ್ಕೆ ಪ್ರತ್ಯೇಕ ಸೇವಾತಂಡ ಇರಬಹುದು. ವೈದ್ಯಕೀಯ ಸಾಕ್ಷ್ಯಗಳನ್ನು ವಿಮರ್ಶಿಸಲು 1993ರಲ್ಲಿ ಆರಂಭವಾದ ಕಾಕ್ರೇನ್ ಜಾಲದಲ್ಲಿ ರೋಗಗಳಿಗೆ ಸಂಬಂಧಿಸಿದ ವಿಮರ್ಶಾ ತಂಡಗಳ ಜೊತೆಗೆ, ವಿಮರ್ಶೆಯ ವಿಧಾನಗಳಿಗೇ ಮೀಸಲಾದ ತಂಡಗಳೂ ಬೆಳೆದದ್ದು ಇದೇ ಕಾರಣಕ್ಕೆ.

ಯಾರೋ ಒಬ್ಬರಿಗೆ ಉತ್ಸಾಹ ಬಂದ ಕೂಡಲೇ ತಂಡ ಶುರುವಾಗಿಬಿಡುತ್ತದೆಯೇ? ಅದಕ್ಕೊಂದು ಕ್ರಮ ಬೇಡವೇ?

ಬೇಕು, ಆದರೆ ಆ ಕ್ರಮ ಹಗುರವಾಗಿರಬೇಕು. ಇಂಟರ್ನೆಟ್ಟಿನ ತಾಂತ್ರಿಕ ಮಾನದಂಡಗಳನ್ನು ರೂಪಿಸುತ್ತಾ 1986ರಿಂದ ನಡೆದುಬಂದಿರುವ ಐಇಟಿಎಫ್ ಎಂಬ ಸ್ವಯಂಸೇವಕರ ಕೂಟದಲ್ಲಿ ತಂಡ ಹುಟ್ಟುವ ಮುಂಚೆ ಸಾಮಾನ್ಯವಾಗಿ ಒಂದು ಮುಕ್ತ ಸಭೆ ನಡೆಯುತ್ತದೆ. ಸಮಸ್ಯೆ ನಿಜವೇ, ಅದು ಈ ಕೂಟಕ್ಕೆ ಸೇರಿದ್ದೇ, ಕೈಯಾರೆ ಕೆಲಸ ಮಾಡಲು ಸಾಕಷ್ಟು ಜನ ಇದ್ದಾರೆಯೇ ಎಂದು ಅಲ್ಲಿ ನೋಡುತ್ತಾರೆ. ಆಮೇಲೆ ತಂಡದ ಉದ್ದೇಶ, ವ್ಯಾಪ್ತಿ, ಮೈಲಿಗಲ್ಲುಗಳನ್ನು ಹೇಳುವ ಕಾರ್ಯಪತ್ರ ಸಿದ್ಧವಾಗುತ್ತದೆ.

ನಿಮ್ಮ ಸಂಘಕ್ಕೆ ಒಂದು ಪುಟದ ಕಾರ್ಯಪತ್ರ ಸಾಕು. ಏನು ಮಾಡುತ್ತೇವೆ, ಏನನ್ನು ಮಾಡುವುದಿಲ್ಲ, ಯಾವಾಗ ಮುಗಿಸುತ್ತೇವೆ, ಎಷ್ಟು ಹಣ ಬೇಕು, ಸಂಚಾಲಕರು ಯಾರು, ಮುಗಿಯಿತು ಎಂದು ಯಾವುದನ್ನು ನೋಡಿ ಹೇಳುತ್ತೇವೆ ಎಂಬುದಕ್ಕೆ ಅದರಲ್ಲಿ ಉತ್ತರವಿರಬೇಕು. ಇವುಗಳಲ್ಲಿ ಬರೆಯಲು ಕಷ್ಟವಾಗುವುದೂ ಹೆಚ್ಚು ಬೆಲೆಬಾಳುವುದೂ ‘ಏನನ್ನು ಮಾಡುವುದಿಲ್ಲ’ ಎಂಬ ಸಾಲು. ವಿಜ್ಞಾನಿಗಳ ಕುತೂಹಲಕ್ಕೆ ಬೇಲಿಯಿಲ್ಲ. ನೀರಿನ ಪರೀಕ್ಷೆಗೆ ಕೂತ ತಂಡ ಆರು ತಿಂಗಳಲ್ಲಿ ಅಂತರ್ಜಲ, ಮಳೆ, ಮಣ್ಣು, ಕೀಟ ಎಲ್ಲವನ್ನೂ ಮೈಮೇಲೆ ಎಳೆದುಕೊಂಡು ಒಂದನ್ನೂ ಮುಗಿಸದೆ ಉಳಿಯಬಹುದು.

## ಜನರ ಬಗೆಗಿನ ಪ್ರಶ್ನೆಗಳು

ಸಂಚಾಲಕರನ್ನಾಗಿ ಯಾರನ್ನು ಆರಿಸಬೇಕು? ವಿಷಯದಲ್ಲಿ ಅತ್ಯಂತ ಹಿರಿಯರನ್ನೇ ಅಲ್ಲವೇ?

ಅಗತ್ಯವಿಲ್ಲ. ಸಂಚಾಲಕರ ಕೆಲಸ ಸಭೆ ಕರೆಯುವುದು, ಒಪ್ಪಿಕೊಂಡದ್ದನ್ನು ಬರೆದಿಡುವುದು, ಒಪ್ಪಿಕೊಂಡವರಿಗೆ ಸೌಜನ್ಯದಿಂದ ನೆನಪಿಸುವುದು, ಸುಮ್ಮನಿರುವವರನ್ನು ಮಾತಾಡಿಸುವುದು. ಇದಕ್ಕೆ ಆಳವಾದ ಪಾಂಡಿತ್ಯಕ್ಕಿಂತ ತಾಳ್ಮೆ ಮತ್ತು ಕ್ರಮಬದ್ಧತೆ ಮುಖ್ಯ. ವಿಷಯದಲ್ಲಿ ಅತ್ಯಂತ ಬಲ್ಲವರನ್ನು ಆಡಳಿತದಿಂದ ಬಿಡುಗಡೆ ಮಾಡಿ ಕೆಲಸಕ್ಕೆ ಬಿಡುವುದೇ ಅವರಿಗೂ ತಂಡಕ್ಕೂ ಹಿತ. ಪ್ರಯೋಗಾಲಯದ ಉಸ್ತುವಾರಿ ನೋಡಿಕೊಂಡಿದ್ದ ತಾಂತ್ರಿಕ ಸಿಬ್ಬಂದಿ, ಪತ್ರಿಕೆಯೊಂದರ ಸಂಪಾದಕತ್ವ ವಹಿಸಿದ್ದವರು, ಕ್ಷೇತ್ರಶಿಬಿರಗಳನ್ನು ನಡೆಸಿದ್ದವರು ಈ ಹೊಣೆಗೆ ಹೇಳಿಮಾಡಿಸಿದಂತಿರುತ್ತಾರೆ.

ಅವಧಿಯನ್ನು ಎರಡು ವರ್ಷಕ್ಕೆ ಮಿತಿಗೊಳಿಸಿ, ಸತತವಾಗಿ ಎರಡು ಅವಧಿಗಿಂತ ಹೆಚ್ಚು ಬೇಡವೆಂದು ಮೊದಲೇ ಬರೆದಿಡಿ. ಫ್ರಾನ್ಸಿನಲ್ಲಿ 1930ರ ದಶಕದಲ್ಲಿ ರೂಪುಗೊಂಡ ಬೂರ್ಬಾಕಿ ಗಣಿತಜ್ಞರ ಗುಂಪು ತನ್ನ ಸದಸ್ಯರು 50ನೆಯ ವಯಸ್ಸಿಗೆ ಹಿಂದೆ ಸರಿಯಬೇಕೆಂಬ ನಿಯಮ ಮಾಡಿಕೊಂಡಿತ್ತು. ನಿವೃತ್ತರ ಸಂಘದಲ್ಲಿ ವಯಸ್ಸಿನ ಮಿತಿಗೆ ಅರ್ಥವಿಲ್ಲ, ಆದರೆ ಹುದ್ದೆಯಿಂದ ಇಳಿಯುವ ದಿನ ಮೊದಲೇ ಗೊತ್ತಿದ್ದರೆ ಯಾರನ್ನೂ ಇಳಿಸಬೇಕಾಗುವುದಿಲ್ಲ ಎಂಬ ವಿವೇಕ ಇಲ್ಲಿಗೂ ಸಲ್ಲುತ್ತದೆ.

ನಿರ್ದೇಶಕರಾಗಿದ್ದವರು ಮಾತಾಡಿದ ಮೇಲೆ ಬೇರೆ ಯಾರೂ ಬಾಯಿ ಬಿಡುವುದಿಲ್ಲ. ಚಿಕ್ಕ ತಂಡದಲ್ಲಿ ಈ ಕಾಟ ಇನ್ನೂ ಹೆಚ್ಚುವುದಿಲ್ಲವೇ?

ಹೆಚ್ಚಬಹುದು, ಆದ್ದರಿಂದ ಇದನ್ನು ಸ್ವಭಾವದ ದೋಷವೆಂದು ಬಿಟ್ಟುಬಿಡದೆ ಸಭೆ ನಡೆಸುವ ವಿಧಾನದಲ್ಲೇ ಪರಿಹಾರ ಹುಡುಕಬೇಕು. ಮೂವತ್ತು ವರ್ಷ ಒಬ್ಬರ ಕೈಕೆಳಗೆ ಕೆಲಸ ಮಾಡಿದವರಿಗೆ ನಿವೃತ್ತಿಯ ಮರುದಿನದಿಂದ ಅವರ ಮಾತನ್ನು ಅಲ್ಲಗಳೆಯಲು ಧೈರ್ಯ ಬರುವುದಿಲ್ಲ. ಮಹಿಳಾ ವಿಜ್ಞಾನಿಗಳು, ತಾಂತ್ರಿಕ ಸಿಬ್ಬಂದಿಯಾಗಿದ್ದವರು, ಚಿಕ್ಕ ಕಾಲೇಜುಗಳಲ್ಲಿ ಬೋಧಿಸಿದವರು ಸಭೆಯಲ್ಲಿ ಹೆಚ್ಚಾಗಿ ಸುಮ್ಮನಿರುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಉಪಕರಣ ಎಲ್ಲಿ ಕೆಡುತ್ತದೆ, ವಿದ್ಯಾರ್ಥಿ ಎಲ್ಲಿ ಎಡವುತ್ತಾನೆ ಎಂಬುದು ಹಲವು ಬಾರಿ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಆಂಡ್ರೆ ಡೆಲ್ಬೆಕ್ ಮತ್ತು ಆಂಡ್ರ್ಯೂ ವ್ಯಾನ್ ಡಿ ವೆನ್ 1971ರಲ್ಲಿ ವಿವರಿಸಿದ ಸರಳ ವಿಧಾನವೊಂದು ಇಲ್ಲಿ ತುಂಬ ಉಪಯುಕ್ತ. ಪ್ರಶ್ನೆಯನ್ನು ಓದಿ ಹೇಳಿದ ಮೇಲೆ ಎಲ್ಲರೂ ಮೌನವಾಗಿ ತಮ್ಮ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆಯುತ್ತಾರೆ. ನಂತರ ಸುತ್ತಿನ ಕ್ರಮದಲ್ಲಿ ಒಬ್ಬೊಬ್ಬರೂ ಒಂದೊಂದು ಅಂಶವನ್ನು ಹೇಳುತ್ತಾರೆ, ಅದನ್ನು ಎಲ್ಲರಿಗೂ ಕಾಣುವಂತೆ ಬರೆಯಲಾಗುತ್ತದೆ. ಅದುವರೆಗೆ ಟೀಕೆಗೆ ಅವಕಾಶವಿಲ್ಲ. ಆಮೇಲಷ್ಟೇ ಚರ್ಚೆ, ಕೊನೆಯಲ್ಲಿ ಒಬ್ಬೊಬ್ಬರೂ ಪ್ರತ್ಯೇಕವಾಗಿ ಆದ್ಯತೆಯ ಕ್ರಮ ಕೊಡುವುದು. ಹಿರಿಯರ ಮಾತು ಮೊದಲು ಕಿವಿಗೆ ಬೀಳದ ಕಾರಣ ಇತರರ ಅಭಿಪ್ರಾಯ ಕಾಗದದ ಮೇಲೆ ಆಗಲೇ ಇರುತ್ತದೆ, ಅದನ್ನು ನುಂಗಿಕೊಳ್ಳಲು ಆಗುವುದಿಲ್ಲ. ಸಭೆ ಸೇರಲು ಆಗದಿದ್ದರೆ, 1950ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ರೂಪುಗೊಂಡ ಡೆಲ್ಫಿ ವಿಧಾನವಿದೆ: ಹೆಸರಿಲ್ಲದ ಅಭಿಪ್ರಾಯಗಳನ್ನು ಸುತ್ತುಗಳಲ್ಲಿ ಸಂಗ್ರಹಿಸಿ, ಪ್ರತಿ ಸುತ್ತಿನ ಸಾರಾಂಶವನ್ನು ಎಲ್ಲರಿಗೂ ತೋರಿಸಿ ಮತ್ತೆ ಕೇಳುವುದು.

ಸಾಲಮನ್ ಆ್ಯಶ್ 1950ರ ದಶಕದಲ್ಲಿ ಗೆರೆಗಳ ಉದ್ದವನ್ನು ಹೋಲಿಸಲು ಹೇಳಿ ನಡೆಸಿದ ಪ್ರಯೋಗಗಳ ಒಂದು ಫಲಿತಾಂಶವನ್ನೂ ಸಂಚಾಲಕರು ನೆನಪಿಡಬೇಕು. ಇಡೀ ಗುಂಪು ಒಮ್ಮತದಿಂದ ತಪ್ಪು ಹೇಳಿದಾಗ ಅದಕ್ಕೆ ತಲೆಬಾಗುತ್ತಿದ್ದವರು, ಒಬ್ಬರೇ ಒಬ್ಬರು ಸರಿಯಾದ ಉತ್ತರ ಹೇಳಿದರೂ ಬಹುಮಟ್ಟಿಗೆ ಧೈರ್ಯ ತಂದುಕೊಳ್ಳುತ್ತಿದ್ದರು. ಮೊದಲ ಭಿನ್ನಮತವನ್ನು ಸಂಚಾಲಕರು ಗೌರವದಿಂದ ಬರೆದುಕೊಂಡರೆ ಎರಡನೆಯದು ತಾನಾಗಿಯೇ ಬರುತ್ತದೆ.

ನನಗೆ ಮೂರು ತಂಡಗಳಲ್ಲೂ ಆಸಕ್ತಿ ಇದೆ. ಎಲ್ಲದರಲ್ಲೂ ಇರಬಹುದೇ?

ಒಂದರಲ್ಲಿ ಪೂರ್ಣ ಸದಸ್ಯರಾಗಿ, ಇನ್ನೊಂದರಲ್ಲಿ ಕೇಳಿದಾಗ ಸಲಹೆ ಕೊಡುವವರಾಗಿ ಇರಿ. ಎಲ್ಲ ತಂಡಗಳಲ್ಲೂ ಅದದೇ ಹೆಸರುಗಳು ಬಂದರೆ ಹಿಂದಿನ ಸ್ಥಿತಿಯೇ ಹೊಸ ಹೆಸರಿನಲ್ಲಿ ಮುಂದುವರಿಯುತ್ತದೆ. ಯಾರೂ ಎರಡಕ್ಕಿಂತ ಹೆಚ್ಚು ತಂಡಗಳ ಪೂರ್ಣ ಸದಸ್ಯರಾಗಬಾರದು, ಒಂದಕ್ಕಿಂತ ಹೆಚ್ಚಿನದಕ್ಕೆ ಸಂಚಾಲಕರಾಗಬಾರದು ಎಂಬ ನಿಯಮ ಸಾಕಾಗುತ್ತದೆ.

ನನಗೆ ಯಾವ ತಂಡವೂ ಬೇಡ. ತಿಂಗಳ ಉಪನ್ಯಾಸಕ್ಕೆ ಬಂದು, ಹಳೆಯ ಗೆಳೆಯರನ್ನು ಕಂಡು ಹೋಗುವುದಷ್ಟೇ ನನ್ನ ಆಸೆ. ನನ್ನ ಸದಸ್ಯತ್ವ ಏನಾಗುತ್ತದೆ?

ಏನೂ ಆಗಬಾರದು. ಸಂಗಾತಿಯನ್ನು ಕಳೆದುಕೊಂಡು ಒಂಟಿಯಾಗಿರುವ ಸದಸ್ಯರಿಗೆ, ದೀರ್ಘ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಆ ತಿಂಗಳ ಸಭೆ ದೊಡ್ಡ ಆಸರೆ. ತಂಡದ ಸದಸ್ಯತ್ವವನ್ನು ಕಡ್ಡಾಯ ಮಾಡಿದ ಸಂಘ ಮೊದಲು ಕಳೆದುಕೊಳ್ಳುವುದು ಇವರನ್ನೇ. ಸರ್ವಸದಸ್ಯರ ಸಭೆ, ಉಪನ್ಯಾಸ, ಮತದಾನದ ಹಕ್ಕು ಇವು ಎಲ್ಲ ಸದಸ್ಯರಿಗೂ ಮೊದಲಿನಂತೆಯೇ ಉಳಿಯಬೇಕು, ಮತ್ತು ತಂಡಗಳು ತಮ್ಮ ಕೆಲಸದ ವರದಿಯನ್ನು ಈ ಸಭೆಯಲ್ಲೇ ಒಪ್ಪಿಸಬೇಕು. ಇಂದು ಕೇಳುಗರಾಗಿ ಬಂದವರು ನಾಳೆ ವರದಿಯೊಂದನ್ನು ಕೇಳಿ, ಈ ಒಂದು ವಿಷಯ ನನಗೆ ಗೊತ್ತು ಎಂದು ಮುಂದೆ ಬರುವುದುಂಟು.

ಸರಿಯಾಗಿ ಕಿವಿ ಕೇಳಿಸುವುದಿಲ್ಲ, ರಾತ್ರಿ ಓಡಾಡಲು ಆಗುವುದಿಲ್ಲ. ನನ್ನಂಥವರಿಂದ ತಂಡಕ್ಕೆ ಏನು ಪ್ರಯೋಜನ?

ವಯಸ್ಸಿನೊಂದಿಗೆ ಬರುವ ಶ್ರವಣ ದೋಷದಲ್ಲಿ ಮೊದಲು ಕುಂದುವುದು ಎತ್ತರದ ಆವರ್ತನಗಳನ್ನು ಕೇಳುವ ಶಕ್ತಿ. ಹಾಗಾಗಿ ಸದ್ದಿನ ಸಭಾಂಗಣದಲ್ಲಿ ಮಾತಿನ ವ್ಯಂಜನಗಳು ಕಲಸಿಹೋಗುತ್ತವೆ. ಆರು ಜನ ದುಂಡುಮೇಜಿನ ಸುತ್ತ ಮುಖ ಕಾಣುವಂತೆ ಕುಳಿತರೆ ಈ ತೊಂದರೆ ಗಣನೀಯವಾಗಿ ಕಡಿಮೆಯಾಗುತ್ತದೆ, ಅಂದರೆ ಚಿಕ್ಕ ತಂಡ ನಿಮ್ಮಂಥವರಿಗೆ ದೊಡ್ಡ ಸಭೆಗಿಂತ ಅನುಕೂಲಕರ. ಹಗಲಿನ ಸಭೆ, ಒಂದೂವರೆ ಗಂಟೆಯ ಮಿತಿ, ಮುಂಚಿತವಾಗಿ ದೊಡ್ಡ ಅಕ್ಷರಗಳಲ್ಲಿ ಕೈಸೇರುವ ಕಾರ್ಯಸೂಚಿ, ಮನೆಯಿಂದಲೇ ವಿಡಿಯೊ ಮೂಲಕ ಸೇರುವ ಅವಕಾಶ ಇವುಗಳನ್ನು ವಿಶೇಷ ರಿಯಾಯಿತಿ ಎನ್ನದೆ ಎಲ್ಲ ತಂಡಗಳ ಸಾಮಾನ್ಯ ಪದ್ಧತಿಯಾಗಿ ಮಾಡಬೇಕು. ಕರಡು ತಿದ್ದುವುದು, ದತ್ತಾಂಶ ಪರಿಶೀಲನೆ, ಪತ್ರಗಳಿಗೆ ಉತ್ತರ ಬರೆಯುವುದು ಮನೆಯಲ್ಲೇ ಕುಳಿತು ಮಾಡುವ ಕೆಲಸಗಳು. ತಂಡಗಳಲ್ಲಿ ಇವಕ್ಕೇ ಹೆಚ್ಚಾಗಿ ಜನ ಸಿಗುವುದಿಲ್ಲ.

ಸಂಚಾಲಕರು ಇದ್ದಕ್ಕಿದ್ದಂತೆ ಹಾಸಿಗೆ ಹಿಡಿದರೆ ಅಥವಾ ತೀರಿಕೊಂಡರೆ ತಂಡದ ಗತಿ ಏನು?

ನಮ್ಮ ವಯಸ್ಸಿನವರ ಸಂಘದಲ್ಲಿ ಇದನ್ನು ಅಪರೂಪದ ಅಪಘಾತವೆಂದು ಎಣಿಸಲಾಗದು, ನೇರವಾಗಿ ಮಾತಾಡಿಕೊಳ್ಳುವುದೇ ಒಳ್ಳೆಯದು. ಪ್ರತಿ ತಂಡಕ್ಕೂ ಸಂಚಾಲಕರ ಜೊತೆ ಸಹಸಂಚಾಲಕರು ಇರಬೇಕು, ಸಭೆಗಳನ್ನು ಇಬ್ಬರೂ ಸರದಿಯಲ್ಲಿ ನಡೆಸಬೇಕು. ತಂಡದ ಕಡತ, ದತ್ತಾಂಶ, ಸಂಪರ್ಕಗಳ ಪಟ್ಟಿ, ಪಾಸ್‌ವರ್ಡುಗಳು ಯಾರೊಬ್ಬರ ಸ್ವಂತ ಕಂಪ್ಯೂಟರಿನಲ್ಲಿ ಮಾತ್ರ ಉಳಿಯಬಾರದು. ಸಂಘದ ಸಾಮಾನ್ಯ ಸಂಗ್ರಹದಲ್ಲಿ ಪ್ರತಿ ತಿಂಗಳೂ ಅವುಗಳ ಪ್ರತಿ ಸೇರಬೇಕು. ಅಳತೆ ಮಾಡಿದ ದಿನಾಂಕ, ಸ್ಥಳ, ಉಪಕರಣ, ಏಕಮಾನ ಬರೆದಿರದ ದತ್ತಾಂಶ ಅದನ್ನು ಸಂಗ್ರಹಿಸಿದವರೊಂದಿಗೇ ಹೋಗಿಬಿಡುತ್ತದೆ, ಅವರ ವರ್ಷಗಳ ಶ್ರಮವೂ ಅದರೊಂದಿಗೆ ಹೋಗುತ್ತದೆ.

## ಹಣ, ಹೆಸರು, ಹೊಣೆಗಾರಿಕೆ

ಪ್ರತಿ ತಂಡಕ್ಕೂ ಬೇರೆ ಬ್ಯಾಂಕ್ ಖಾತೆ ತೆರೆಯಬೇಕೇ?

ಬೇಡ. ಖಾತೆ ಒಂದೇ, ಖಜಾಂಚಿ ಒಬ್ಬರೇ, ಲೆಕ್ಕಪರಿಶೋಧನೆ ಒಂದೇ. ಆ ಖಾತೆಯ ಲೆಕ್ಕದಲ್ಲಿ ತಂಡಕ್ಕೊಂದು ಶೀರ್ಷಿಕೆ ಇರಲಿ, ವರ್ಷದ ಆರಂಭದಲ್ಲೇ ಮೊತ್ತ ನಿಗದಿಯಾಗಲಿ, ಆ ಮೊತ್ತದೊಳಗಿನ ಚಿಕ್ಕ ಖರ್ಚುಗಳನ್ನು ಸಂಚಾಲಕರೇ ಒಪ್ಪುವಂತಿರಲಿ. ಪ್ರತಿ ರಸೀದಿಗೂ ಕಾರ್ಯಕಾರಿ ಸಮಿತಿಯ ಸಹಿ ಕಾಯಬೇಕಾದರೆ ಸದಸ್ಯರು ಕೈಯಿಂದಲೇ ಹಣ ಹಾಕಿ ಸುಮ್ಮನಾಗುತ್ತಾರೆ. ನೋಡಲು ಇದು ಉದಾರತೆಯಂತೆ ಕಾಣುತ್ತದೆ; ಆದರೆ ಕೆಲಸದ ನಿಜವಾದ ವೆಚ್ಚ ಎಷ್ಟೆಂಬುದು ಸಂಘಕ್ಕೆ ಎಂದೂ ತಿಳಿಯುವುದಿಲ್ಲ, ಅಷ್ಟು ಹಣ ಹಾಕಲಾಗದವರು ಸದ್ದಿಲ್ಲದೆ ದೂರವಾಗುತ್ತಾರೆ.

ತಂಡವೊಂದು ಸಂಘದ ಹೆಸರಿನಲ್ಲಿ ಪತ್ರಿಕೆಗಳಿಗೆ ಹೇಳಿಕೆ ಕೊಟ್ಟರೆ, ಅದನ್ನು ಒಪ್ಪದ ಉಳಿದ ಸದಸ್ಯರು ಏನು ಮಾಡಬೇಕು?

ಮೂರು ಬಗೆಯ ಮಾತುಗಳನ್ನು ಬೇರೆ ಬೇರೆ ಇಟ್ಟುಕೊಂಡರೆ ಈ ಜಗಳ ಬಹುಪಾಲು ತಪ್ಪುತ್ತದೆ. ಅಳತೆಯ ಫಲಿತಾಂಶಗಳನ್ನು ತಂಡ ತನ್ನದೇ ಹೆಸರಿನಲ್ಲಿ, ವಿಧಾನದ ವಿವರ ಸಹಿತ ಪ್ರಕಟಿಸಬಹುದು. ಆದರೆ ತಂಡದ ಹೊರಗಿನ ಇಬ್ಬರು ಸದಸ್ಯರು ಅದನ್ನು ಮೊದಲು ಓದಿ ಪರಿಶೀಲಿಸಿರಬೇಕು. ಸರ್ಕಾರವೋ ಸಂಸ್ಥೆಯೋ ಏನು ಮಾಡಬೇಕೆಂಬ ಸಲಹೆ ಕಾರ್ಯಕಾರಿ ಸಮಿತಿಯ ಒಪ್ಪಿಗೆ ಪಡೆದು ಸಂಘದ ಹೆಸರಿನಲ್ಲಿ ಹೋಗಬೇಕು, ಭಿನ್ನಮತವಿದ್ದರೆ ಅದೂ ಒಂದೆರಡು ಸಾಲಿನಲ್ಲಿ ಅದರಲ್ಲೇ ಇರಬೇಕು. ವೈಯಕ್ತಿಕ ಅಭಿಪ್ರಾಯಕ್ಕೆ ಸದಸ್ಯರ ಹೆಸರಷ್ಟೇ ಇರಬೇಕು, ಸಂಘದ ಹೆಸರು ಸೇರಬಾರದು. ವಿಜ್ಞಾನಿಗಳ ಸಂಘಕ್ಕೆ ಜನರ ನಂಬಿಕೆಯ ಹೊರತು ಬೇರೆ ಬಂಡವಾಳವಿಲ್ಲವಾದ್ದರಿಂದ ಈ ಒಂದು ವಿಷಯದಲ್ಲಿ ತಂಡಗಳ ಸ್ವಾತಂತ್ರ್ಯಕ್ಕೆ ಕಡಿವಾಣ ಹಾಕುವುದನ್ನು ನಾನು ಪೂರ್ತಿ ಒಪ್ಪುತ್ತೇನೆ.

ಶಾಲೆಗಳಿಗೆ ಹೋಗುವ ತಂಡಕ್ಕೆ ಬೇರೆ ನಿಯಮಗಳು ಬೇಕೇ?

ಬೇಕೇ ಬೇಕು. ಶಾಲೆಯ ಶಿಕ್ಷಕರೊಬ್ಬರು ಸದಾ ಜೊತೆಗಿರಬೇಕು, ಸದಸ್ಯರು ಯಾವ ಮಗುವಿನೊಂದಿಗೂ ಒಂಟಿಯಾಗಿ ಇರಬಾರದು, ಪೋಷಕರ ಒಪ್ಪಿಗೆಯಿಲ್ಲದೆ ಫೋಟೊ ತೆಗೆಯಬಾರದು, ಮಕ್ಕಳ ಸುರಕ್ಷತೆಗೆ ಸಂಬಂಧಿಸಿದ ಕಾನೂನು ಕೇಳುವ ಪರಿಶೀಲನೆಗಳಿಗೆ ಎಷ್ಟೇ ಹಿರಿಯರಾದರೂ ಒಳಪಡಬೇಕು. ಆಮ್ಲ, ಬೆಂಕಿ, ವಿದ್ಯುತ್ ಬಳಸುವ ಪ್ರಯೋಗಗಳನ್ನು ಮುಂಚಿತವಾಗಿ ಮಾಡಿ ನೋಡಿ ಸುರಕ್ಷತಾ ಟಿಪ್ಪಣಿ ಬರೆದಿಡಬೇಕು. ಪರಿಣತರ ಪ್ರಯೋಗಾಲಯದಲ್ಲಿ ಸಲೀಸಾಗಿ ನಡೆದದ್ದು ಮಕ್ಕಳು ತುಂಬಿದ ಕೊಠಡಿಯಲ್ಲಿ ಅಪಾಯವಾಗಬಹುದು.

ಹಿಂದೆ ನಾನು ಕೆಲಸ ಮಾಡಿದ ಸಂಸ್ಥೆಯ ಬಗ್ಗೆಯೇ ತಂಡ ಪರಿಶೀಲನೆ ನಡೆಸಲು ಹೊರಟಿದೆ. ನಾನು ಭಾಗವಹಿಸಬಹುದೇ?

ನಿಮ್ಮ ಹಿಂದಿನ ಸಂಬಂಧವನ್ನು ಮೊದಲ ಸಭೆಯಲ್ಲೇ ಹೇಳಿ ನಡಾವಳಿಯಲ್ಲಿ ಬರೆಸಿ. ಸಾರ್ವಜನಿಕವಾಗಿ ಲಭ್ಯವಿರುವ ಮಾಹಿತಿಯನ್ನು ಬಿಡಿಸಿ ಹೇಳಲು ನಿಮ್ಮ ಅನುಭವ ಅಮೂಲ್ಯ. ತೀರ್ಮಾನ ಕೈಗೊಳ್ಳುವಾಗ ಹೊರಗುಳಿಯಿರಿ. ಸೇವೆಯಲ್ಲಿದ್ದಾಗ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ್ದರೆ ನಿವೃತ್ತಿಯಾದ ಮಾತ್ರಕ್ಕೆ ಅದು ರದ್ದಾಗುವುದಿಲ್ಲ. ಪಿಂಚಣಿಯಲ್ಲದೆ ಸಲಹೆಗಾರರಾಗಿಯೂ ಅಲ್ಲಿಂದ ಈಗ ಹಣ ಪಡೆಯುತ್ತಿದ್ದರೆ ಆ ಪರಿಶೀಲನೆಯಿಂದ ಸಂಪೂರ್ಣ ದೂರವಿರುವುದೇ ಸರಿ.

ಇದಕ್ಕೆಲ್ಲ ಸಂಘದ ನಿಯಮಾವಳಿಯನ್ನೇ ತಿದ್ದಬೇಕೇ?

ಹೆಚ್ಚಿನ ಸಂಘಗಳ ನಿಯಮಾವಳಿಯಲ್ಲಿ ಉಪಸಮಿತಿಗಳನ್ನು ನೇಮಿಸುವ ಅಧಿಕಾರ ಕಾರ್ಯಕಾರಿ ಸಮಿತಿಗೆ ಇದ್ದೇ ಇರುತ್ತದೆ. ಪ್ರಯೋಗದ ಅವಧಿಗೆ ಆ ಕಲಮಿನಡಿ ಒಂದು ನಿರ್ಣಯ ಸಾಕು. ತಂಡಗಳ ಪ್ರತಿನಿಧಿಗಳಿಗೆ ಕಾರ್ಯಕಾರಿ ಸಮಿತಿಯಲ್ಲಿ ಮತದ ಹಕ್ಕು ಕೊಡುವಾಗ ಮಾತ್ರ ಸರ್ವಸದಸ್ಯರ ಸಭೆಯ ಮುಂದೆ ತಿದ್ದುಪಡಿ ತರಬೇಕಾಗುತ್ತದೆ. ಅದನ್ನು ಒಂದು ವರ್ಷದ ಅನುಭವದ ನಂತರ ತಂದರೆ ಯಾವ ಪದ ಬೇಕು, ಯಾವುದು ಬೇಡ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ.

## ಮುಂದಿನ ಹಂತದ ಪ್ರಶ್ನೆಗಳು

ತಂಡಗಳು ತಮ್ಮ ಪಾಡಿಗೆ ತಾವಾಗಿ, ಸಂಘ ಎಂಬುದೇ ಇಲ್ಲವಾಗುವುದಿಲ್ಲವೇ?

ಈ ಭಯ ನಿಜವಾದದ್ದು, ಮತ್ತು ಇದಕ್ಕೆ ಸಾಮಾನ್ಯವಾಗಿ ಕೊಡುವ ಪರಿಹಾರವಾದ ‘ಎಲ್ಲ ತಂಡಗಳ ಸಮನ್ವಯ ಸಭೆ’ ಬೇಗನೆ ವರದಿ ಓದುವ ಶಾಸ್ತ್ರವಾಗಿಬಿಡುತ್ತದೆ. ಅಮೆರಿಕದ ಸಮಾಜವಿಜ್ಞಾನಿ ರೆನ್ಸಿಸ್ ಲಿಕರ್ಟ್ 1961ರಲ್ಲಿ ವಿವರಿಸಿದಂತೆ, ಗುಂಪುಗಳನ್ನು ಬೆಸೆಯುವುದು ಎರಡೂ ಕಡೆ ಪೂರ್ಣ ಸದಸ್ಯರಾಗಿರುವ ವ್ಯಕ್ತಿಗಳು. ನೆದರ್ಲೆಂಡ್ಸಿನ ಎಂಜಿನಿಯರ್ ಗೆರಾರ್ಡ್ ಎಂಡೆನ್‌ಬರ್ಗ್ ತಮ್ಮ ಕಂಪನಿಯಲ್ಲಿ ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ತಂಡವನ್ನು ಮುನ್ನಡೆಸುವವರಲ್ಲದೆ, ತಂಡದವರೇ ಆರಿಸಿದ ಮತ್ತೊಬ್ಬರೂ ಮೇಲಿನ ಸಮಿತಿಯಲ್ಲಿ ಕೂರುತ್ತಾರೆ. ಒಬ್ಬರು ಮೇಲಿನ ನಿರ್ಧಾರಗಳನ್ನು ತಂಡಕ್ಕೆ ತರುತ್ತಾರೆ, ಇನ್ನೊಬ್ಬರು ತಂಡದ ಕಷ್ಟಸುಖವನ್ನು ಮೇಲಕ್ಕೆ ಒಯ್ಯುತ್ತಾರೆ. ಈ ಎರಡೂ ಕೆಲಸಗಳನ್ನು ಒಬ್ಬರ ಮೇಲೇ ಹೊರಿಸಿದರೆ ಎರಡನೆಯದು ಸೊರಗುತ್ತದೆ, ಅದರಲ್ಲೂ ಸಂಚಾಲಕರೂ ಅಧ್ಯಕ್ಷರೂ ಹಳೆಯ ಗೆಳೆಯರಾಗಿದ್ದಾಗ.

ಜೊತೆಗೆ ವರ್ಷಕ್ಕೊಮ್ಮೆ ಎರಡು ತಂಡಗಳು ಸೇರಿಯೇ ಮಾಡಬೇಕಾದ ಕೆಲಸವೊಂದನ್ನು ಬೇಕೆಂದೇ ಇಟ್ಟುಕೊಳ್ಳಿ: ನೀರಿನ ತಂಡದ ದತ್ತಾಂಶವನ್ನೇ ಶಾಲಾ ತಂಡ ಪಾಠವಾಗಿ ರೂಪಿಸುವುದು ಇದಕ್ಕೊಂದು ಉದಾಹರಣೆ.

ಪ್ರತಿಯೊಂದಕ್ಕೂ ಮತ ಹಾಕುತ್ತಾ ಕೂತರೆ ಕೆಲಸ ಸಾಗದು, ಒಮ್ಮತಕ್ಕೆ ಕಾದರೂ ಸಾಗದು. ತಂಡ ತೀರ್ಮಾನಿಸುವುದು ಹೇಗೆ?

ಮೇಲೆ ಹೇಳಿದ ಐಇಟಿಎಫ್ ಮತ ಎಣಿಸದೆ ಸ್ಥೂಲ ಸಹಮತವನ್ನು ಆಧರಿಸುತ್ತದೆ. ಎಲ್ಲರಿಗೂ ಮೆಚ್ಚುಗೆಯಾಗಬೇಕೆಂದಿಲ್ಲ, ಆದರೆ ಎದ್ದ ಪ್ರತಿ ಆಕ್ಷೇಪಕ್ಕೂ ತಂಡ ಗಮನ ಕೊಟ್ಟು ಉತ್ತರ ಕಂಡುಕೊಂಡಿರಬೇಕು. ಹಾಗಾಗಿ ಎಷ್ಟು ಜನ ವಿರೋಧಿಸಿದರು ಎಂಬುದಕ್ಕಿಂತ ಏಕೆ ವಿರೋಧಿಸಿದರು ಎಂಬುದಕ್ಕೆ ತೂಕ ಹೆಚ್ಚು. ಅಳತೆ ತಪ್ಪಿದೆ ಎಂದು ಒಬ್ಬರೇ ಹೇಳಿದರೂ ಕೆಲಸ ನಿಲ್ಲಬೇಕು. ಹೆಸರು ಹಿಡಿಸಲಿಲ್ಲ ಎಂದು ಮೂವರು ಹೇಳಿದರೂ ಕೆಲಸ ಮುಂದೆ ಸಾಗಬಹುದು. ವಾದಕ್ಕೆ ಸಾಕ್ಷ್ಯ ಕೇಳುವುದು ನಮಗೆ ಜೀವಮಾನದ ಅಭ್ಯಾಸವಾದ್ದರಿಂದ ಈ ಪದ್ಧತಿ ಬೇಗ ಒಗ್ಗುತ್ತದೆ.

ತಂಡ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಅಳೆಯುವುದು ಹೇಗೆ? ವರದಿ ಬರೆಯುವುದೇ ಕೆಲಸವಾಗಬಾರದಲ್ಲವೇ?

ಮೂರು ತಿಂಗಳಿಗೊಮ್ಮೆ ಅರ್ಧ ಪುಟ ಸಾಕು. ಮುಗಿದದ್ದೇನು, ನಿಂತದ್ದೇನು, ಯಾರ ನೆರವು ಬೇಕು ಎಂಬಷ್ಟೇ ಅದರಲ್ಲಿರಲಿ. ಸಭೆಗಳ ಸಂಖ್ಯೆಯನ್ನು ಸಾಧನೆಯೆಂದು ಬರೆಯಬೇಡಿ. ನಾನು ಎಲ್ಲಕ್ಕಿಂತ ಮೊದಲು ನೋಡುವುದು, ಹಿಂದೆ ಸಂಘದ ಯಾವ ಕೆಲಸಕ್ಕೂ ಹೆಸರು ಕೊಡದಿದ್ದ ಎಷ್ಟು ಸದಸ್ಯರು ಈಗ ಏನನ್ನಾದರೂ ಮಾಡುತ್ತಿದ್ದಾರೆ ಎಂಬುದನ್ನು. ಆ ಸಂಖ್ಯೆ ಏರದಿದ್ದರೆ ತಂಡಗಳ ಪಟ್ಟಿ ಎಷ್ಟು ಉದ್ದವಿದ್ದರೂ ಪುನರ್‌ರಚನೆ ಇನ್ನೂ ಆಗಿಲ್ಲ.

ಚೆನ್ನಾಗಿ ನಡೆದ ತಂಡವನ್ನು ಮುಚ್ಚುವುದು ಅವಮಾನವಲ್ಲವೇ?

ಮುಗಿದ ಕೆಲಸಕ್ಕೆ ತೆರೆ ಎಳೆಯುವುದು ಗೌರವ. ಲಂಡನ್ನಿನ ರಾಯಲ್ ಸೊಸೈಟಿ ಸ್ಥಾಪನೆಯಾಗಿ ನಾಲ್ಕು ವರ್ಷಕ್ಕೆ, 1664ರಲ್ಲಿ, ಯಂತ್ರವಿದ್ಯೆ, ಖಗೋಳ, ಅಂಗರಚನೆ, ರಸಾಯನ, ಕೃಷಿ, ಕಸುಬುಗಳ ಇತಿಹಾಸ ಮುಂತಾದ ಎಂಟು ಸಮಿತಿಗಳನ್ನು ರಚಿಸಿತು. ಕೆಲವು ಸಮಿತಿಗಳಲ್ಲಿ ಹತ್ತಾರು ಸದಸ್ಯರಿದ್ದರು. ಹೆಚ್ಚಿನವು ಕೆಲವೇ ಕಾಲದಲ್ಲಿ ಸದ್ದಿಲ್ಲದೆ ನಿಂತುಹೋದವು. ರೈತರ ಪದ್ಧತಿಗಳನ್ನು ತಿಳಿಯಲು ನಿಶ್ಚಿತ ಪ್ರಶ್ನಾವಳಿಯನ್ನು ಸಿದ್ಧಪಡಿಸಿದ ಕೃಷಿ ಸಮಿತಿ ಉಳಿದವುಗಳಿಗಿಂತ ಹೆಚ್ಚು ಚುರುಕಾಗಿತ್ತು. ದೊಡ್ಡ ಪಟ್ಟಿ, ಅಸ್ಪಷ್ಟ ಉದ್ದೇಶ, ಕೊನೆಯಿಲ್ಲದ ಅವಧಿ ಇವು ಮೂರೂ ಸೇರಿದರೆ ಎಂಥ ಪ್ರತಿಭಾವಂತರ ತಂಡವೂ ಒಣಗುತ್ತದೆ.

ಆದ್ದರಿಂದ ಕಾರ್ಯಪತ್ರಕ್ಕೆ ಎರಡು ವರ್ಷದ ಆಯುಷ್ಯ ಕೊಡಿ. ಅವಧಿ ಮುಗಿದಾಗ ಹೊಸ ಕಾರ್ಯಪತ್ರ ಬರೆದರೆ ಮಾತ್ರ ತಂಡ ಮುಂದುವರಿಯಲಿ. ಬರೆಯದಿದ್ದರೆ ಕಡತಗಳನ್ನು ಸಂಗ್ರಹಕ್ಕೆ ಸೇರಿಸಿ, ಸರ್ವಸದಸ್ಯರ ಸಭೆಯಲ್ಲಿ ತಂಡದವರ ಹೆಸರು ಹೇಳಿ ಕೃತಜ್ಞತೆ ಸಲ್ಲಿಸಿ ಮು‌ಚ್ಚಿರಿ. ಸತತ ಆರು ತಿಂಗಳು ಸಭೆಯೂ ಕೆಲಸವೂ ಇಲ್ಲದ ತಂಡವನ್ನು ಅವಧಿಗೆ ಮೊದಲೇ ಮುಚ್ಚಬಹುದು.

ಎಲ್ಲವನ್ನೂ ಒಂದೇ ಸಲಕ್ಕೆ ಬದಲಿಸಬೇಕೇ, ಹಂತ ಹಂತವಾಗಿಯೇ?

ಮೊದಲ ವರ್ಷ ಎರಡು ಅಥವಾ ಮೂರು ತಂಡಗಳು ಸಾಕು, ಅವು ಈಗಾಗಲೇ ಜನ ಕೈಹಾಕಿರುವ ಕೆಲಸಗಳಿಗೇ ಇರಲಿ. ಉಳಿದ ಸಂಘ ಮೊದಲಿನಂತೆ ನಡೆಯಲಿ. ಸಂಘದ ಸ್ಥಾಪಕರಲ್ಲಿ ಯಾರಾದರೂ ‘ನಾವು ಕಟ್ಟಿದ್ದನ್ನು ಒಡೆಯುತ್ತಿದ್ದೀರಿ’ ಎಂದು ನೊಂದುಕೊಂಡರೆ ಅವರೊಂದಿಗೆ ಪ್ರತ್ಯೇಕವಾಗಿ ಕುಳಿತು ಮಾತಾಡಿ. ಮೊದಲ ಕಾರ್ಯಪತ್ರದ ಕರಡನ್ನು ಅವರ ಕೈಗೇ ಕೊಟ್ಟು ತಿದ್ದಲು ಕೇಳಿಕೊಳ್ಳಿ. ಯಾವ ಪ್ರಯತ್ನ ಎಲ್ಲಿ ಸೋತಿತ್ತು, ಯಾವ ಶಾಲೆ ಬಾಗಿಲು ತೆರೆಯುತ್ತದೆ, ಯಾವ ಕಚೇರಿ ಪತ್ರಕ್ಕೆ ಉತ್ತರಿಸುತ್ತದೆ ಎಂಬುದು ಅವರಿಗೆ ಗೊತ್ತು, ಆ ತಿಳಿವಳಿಕೆ ಬೇರೆಲ್ಲೂ ದಾಖಲಾಗಿಲ್ಲ.

ಒಂದು ವರ್ಷದ ನಂತರ ಇದು ನಮಗೆ ಒಗ್ಗಲಿಲ್ಲ ಎನಿಸಿದರೆ?

ಪ್ರಯೋಗವನ್ನು ಆರಂಭಿಸುವ ನಿರ್ಣಯದಲ್ಲೇ ಮರುಪರಿಶೀಲನೆಯ ದಿನಾಂಕವನ್ನು ಬರೆದಿಡಿ. ಆ ದಿನ ಸರ್ವಸದಸ್ಯರ ಸಭೆಯ ಮುಂದೆ ಮೂರು ಆಯ್ಕೆಗಳಿರಲಿ: ತಂಡಗಳನ್ನು ಹೆಚ್ಚಿಸುವುದು, ಇದ್ದಷ್ಟಕ್ಕೇ ಇನ್ನೊಂದು ವರ್ಷ ಮುಂದುವರಿಸುವುದು, ಅಥವಾ ಹಳೆಯ ವ್ಯವಸ್ಥೆಗೆ ಮರಳುವುದು. ತಂಡಗಳಲ್ಲಿ ಇರದಿದ್ದ ಇಬ್ಬರು ಸದಸ್ಯರು ವರ್ಷದ ದಾಖಲೆಗಳನ್ನು ಓದಿ, ತಂಡದವರನ್ನೂ ತಂಡ ಸೇರದವರನ್ನೂ ಮಾತಾಡಿಸಿ ತಯಾರಿಸಿದ ವರದಿ ಸಭೆಗೆ ಎರಡು ವಾರ ಮುಂಚೆ ಎಲ್ಲರ ಕೈಸೇರಬೇಕು. ಮರಳುವ ತೀರ್ಮಾನವಾದರೂ ಕೈಗೆತ್ತಿಕೊಂಡ ಕೆಲಸಗಳನ್ನು ಮುಗಿಸಲು ತಂಡಗಳಿಗೆ ಮೂರು ತಿಂಗಳ ಅವಕಾಶ ಕೊಡಿ. ಹೊರಗಿನವರಿಗೆ ಕೊಟ್ಟ ಮಾತನ್ನು ಸಂಘದ ಒಳಗಿನ ಬದಲಾವಣೆಗಾಗಿ ಮುರಿಯುವಂತಿಲ್ಲ.